ಬೀಗದಣ್ಣನ ಕೋಟಿನ ಖಾಲಿ ತೂಕ

ನಮ್ಮ ಮಾವ ಒಂಬತ್ತು ವರ್ಷ ಒಂದು ದೋಣಿಯನ್ನು ಆರಿಸಿದರು. ಕೊಂಡದ್ದು ಒಂದು ಮಧ್ಯಾಹ್ನದ ಕೆಲಸ. ಆರಿಸಿದ್ದು ಮಾತ್ರ ಒಂಬತ್ತು ವರ್ಷ. ಅಷ್ಟರಲ್ಲಿ ನನಗೆ ಮದುವೆಯಾಯಿತು, ಎರಡು ಮಕ್ಕಳಾದವು, ನೆತ್ತಿಯ ಕೂದಲು ಹೇಳದೆ ಕೇಳದೆ ರಜೆ ಹಾಕಿ ಹೋಯಿತು. ದೋಣಿಯ ಉದ್ದ ನಾಲ್ಕೂವರೆ ಮೀಟರ್ ಇರಬೇಕೋ ಐದು ಇರಬೇಕೋ ಎಂಬುದು ಮಾವನ ನೋಟುಬುಕ್ಕಿನಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಪಾರ್ಸೆಲ್ ಆಫೀಸಿನಲ್ಲಿ ತೂಕದ ಗುಮಾಸ್ತ. ಮೂವತ್ತೊಂದು ವರ್ಷ ಒಂದೇ ಕಿಟಕಿ, ಒಂದೇ ಸ್ಟೂಲು, ಒಂದೇ ತೂಕದ ಯಂತ್ರ: ನೆಲಕ್ಕೆ ಸಮನಾಗಿ ಕೂರಿಸಿದ ಕಬ್ಬಿಣದ ಹಲಗೆ, ಪಕ್ಕದಲ್ಲಿ ಎದೆಮಟ್ಟದ ಕಂಬ, ಅದರ ಮೇಲೆ ಹಿತ್ತಾಳೆಯ ತೋಳು. ಆಫೀಸಿನಲ್ಲಿ ಎಲ್ಲರೂ ಅವರನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಮಾವನಿಗೆ ಅದರಲ್ಲಿ ಬೇಸರವಿರಲಿಲ್ಲ. ಬಿರುದು ಎಂದೇ ತಿಳಿದಿದ್ದರು. ನನ್ನ ಮೊದಲ ಮಗು ಹುಟ್ಟಿದಾಗ ನೋಡಲು ಬಂದವರೆಲ್ಲ ಮೂಗು ಯಾರದು, ಕಿವಿ ಯಾರದು ಎಂದು ಹಂಚಿಕೊಳ್ಳುತ್ತಿದ್ದರೆ, ಮಾವ ಕೂಸನ್ನು ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, “ಮೂರು ಕಿಲೋ ನೂರು” ಎಂದರು. ಆಸ್ಪತ್ರೆಯ ಚೀಟಿಯಲ್ಲಿ ಮೂರು ಕಿಲೋ ನೂರಾ ಎಂಬತ್ತು ಎಂದಿತ್ತು. ತೋರಿಸಿದೆ.

“ಬಟ್ಟೆ ಸಮೇತ ತೂಗಿರ್ತಾರೆ. ಖಾಲಿ ತೂಕ ಕಳೆಯೋದು ಮರ್ತಿದಾರೆ,” ಎಂದು ಮಗುವನ್ನು ವಾಪಸು ಕೊಟ್ಟರು.

ಖಾಲಿ ತೂಕ ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಗಾಜಿನ ಅಂಗಡಿಯವರು, ಹೊಲಿಗೆ ಯಂತ್ರದವರು, ಔಷಧದ ಕಂಪನಿಯವರು ವರ್ಷಗಟ್ಟಲೆ ಅವವೇ ಮರದ ಪೆಟ್ಟಿಗೆಗಳಲ್ಲಿ ಸಾಮಾನು ಕಳಿಸುತ್ತಾರೆ. ಮೊದಲ ದಿನ ಆ ಪೆಟ್ಟಿಗೆಯನ್ನು ಬರಿದಾಗಿ ತೂಗಿ, ತೂಕವನ್ನು ಅದರ ಬೆನ್ನ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಆಮೇಲೆ ಪ್ರತಿ ಸಲವೂ ಒಟ್ಟು ತೂಕದಲ್ಲಿ ಅದನ್ನು ಕಳೆದರಾಯಿತು. ಖಾಯಂ ಗಿರಾಕಿಯ ಪೆಟ್ಟಿಗೆಯನ್ನು ಎರಡನೇ ಸಲ ಬರಿದು ಮಾಡಿ ತೂಗುವುದಿಲ್ಲ. ತೂಗಿದರೆ ನೀನು ಕಳ್ಳ ಎಂದು ಮುಖಕ್ಕೆ ಹೇಳಿದಂತೆ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆ ಕಿಟಕಿಯ ಮರ್ಯಾದೆ ಅಷ್ಟೆ. ಜಗತ್ತಿನಲ್ಲಿ ಯಾರನ್ನೂ ನಂಬದ ಮಾವ ಈ ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು.

ಮಾವನ ಗೆಳೆಯ ಬೀಗದಣ್ಣ. ಪಾರ್ಸೆಲ್ ಆಫೀಸಿನ ಎದುರು ಗಲ್ಲಿಯಲ್ಲಿ ಬಾಗಿಲಷ್ಟೇ ಅಗಲದ ಬೀಗ ರಿಪೇರಿ ಅಂಗಡಿ. ಒಂಟಿ ಮನುಷ್ಯ. ಅಂಗಡಿಯ ಹಿಂದೆಯೇ ಒಂದು ಕೋಣೆ, ಒಂದು ಮಂಚ, ಒಂದು ಸ್ಟವ್. ಬೇಸಿಗೆಯಲ್ಲೂ ಮೈಮೇಲೆ ಒಂದು ದಪ್ಪ ಕ್ಯಾನ್ವಾಸ್ ಕೋಟು. ಅದರ ಹನ್ನೊಂದು ಜೇಬಿನಲ್ಲಿ ಕೀಲಿಗೊಂಚಲು, ಅರ, ಚಿಮಟ, ಎಣ್ಣೆಯ ಡಬ್ಬಿ. ನಡೆದರೆ ಸಾಮಾನಿನ ಬಂಡಿ ಬಂದಂತೆ ಸದ್ದು. “ನಾನು ಯಾರ ಮನೆಗೂ ಕದ್ದು ಹೋಗೋ ಹಾಗಿಲ್ಲ ಕಣೋ, ಅದಕ್ಕೇ ಮದುವೆ ಆಗ್ಲಿಲ್ಲ,” ಎನ್ನುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನಾದರೂ ಅವನನ್ನು ಬಹುವಚನದಲ್ಲಿ ಕರೆದರೆ ಹಿಂತಿರುಗಿ ಯಾರು ಬಂದರು ಎಂದು ನೋಡುತ್ತಿದ್ದ.

ಇಬ್ಬರಿಗೂ ಇದ್ದದ್ದು ಒಂದೇ ಹುಚ್ಚು, ಹೊಳೆ. ಭಾನುವಾರ ಬಾಡಿಗೆ ದೋಣಿಯಲ್ಲಿ ಸೇತುವೆಯಿಂದ ಹಳೆಯ ಹಿಟ್ಟಿನ ಗಿರಣಿಯವರೆಗೆ ಹೋಗಿಬರುತ್ತಿದ್ದರು. ಅರ್ಧ ಗಂಟೆಯ ದಾರಿ. ಅವರ ಕನಸು ಮಾತ್ರ ಆರು ದಿನದ್ದು: ಸೇತುವೆಯಿಂದ ಹೊರಟು, ಗಿರಣಿ ದಾಟಿ, ಆಮೇಲಿನ ಬಂಡೆಸಾಲುಗಳ ನೊರೆನೀರನ್ನೆಲ್ಲ ಇಳಿದು, ದಡದಲ್ಲಿ ಡೇರೆ ಹಾಕಿ ಐದು ರಾತ್ರಿ ಮಲಗಿ, ಆರನೇ ದಿನ ಸಮುದ್ರ ನೋಡುವುದು. ಅದಕ್ಕೆ ಸ್ವಂತದ ಕೆನೂ ಬೇಕು. ಬಾಡಿಗೆಯವರು ತಮ್ಮ ದೋಣಿಯನ್ನು ಗಿರಣಿಯಿಂದ ಕೆಳಗೆ ಬಿಡುವುದಿಲ್ಲ. ಕೆನೂ ಎಂದರೆ ಮೇಲ್ಭಾಗ ತೆರೆದ, ಎರಡು ತುದಿಯೂ ಚೂಪಾದ ಉದ್ದ ದೋಣಿ. ಮುಂದೊಬ್ಬ ಹಿಂದೊಬ್ಬ ಕೂತು ಒಂದೊಂದು ಹುಟ್ಟು ಹಾಕುವುದು.

ಅಲ್ಲಿಂದ ಶುರುವಾಯಿತು ಆರಿಸುವಿಕೆ. ನೊರೆನೀರಿನಲ್ಲಿ ಬಂಡೆ ಕಂಡ ತಕ್ಷಣ ತಿರುಗಬೇಕಾದರೆ ದೋಣಿ ಗಿಡ್ಡಗಿರಬೇಕು, ತಳ ಬಾಳೆಕಾಯಿಯ ಹಾಗೆ ಬಾಗಿರಬೇಕು. ಆರು ದಿನದ ಊಟ, ಡೇರೆ, ಹೊದಿಕೆ ಹೊರಬೇಕಾದರೆ ಉದ್ದವಿರಬೇಕು. ತಳ ಹೆಚ್ಚು ಬಾಗಿದ್ದರೆ ನಿಧಾನದ ನೀರಿನಲ್ಲಿ ದೋಣಿ ಕುಡುಕನಂತೆ ದಾರಿ ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ಬಂಡೆಗೆ ಬಡಿದರೂ ಜಗ್ಗುವುದಿಲ್ಲ, ಆದರೆ ಜಲಪಾತದ ಪಕ್ಕ ದಡದ ಮೇಲೆ ಹೊತ್ತು ನಡೆಯುವಾಗ ಹೆಗಲು ಮುರಿಯುತ್ತದೆ. ಹಗುರದ್ದು ಹೊರಲು ಸುಖ, ಬಂಡೆ ಕಂಡರೆ ಎದೆಯೊಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಕೂತವನ ತೂಕ, ಹಿಂದೆ ಕೂತವನ ತೂಕ ಎರಡೂ ಸರಿಹೊಂದಿ ದೋಣಿ ನೀರಿನ ಮೇಲೆ ಮಟ್ಟಸ ಕೂರಬೇಕು. ಇದು ತಿಳಿದ ದಿನ ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೊನೆಗೂ ಹೊಳೆ ತೂಕದವರ ಕೈಗೆ ಬಂದಿತ್ತು.

ತಿಂಗಳ ಮೊದಲ ಶನಿವಾರ ಆಫೀಸು ಮುಚ್ಚಿದ ಮೇಲೆ ಇಬ್ಬರೂ ಪಾರ್ಸೆಲ್ ಹಲಗೆಯ ಮೇಲೆ ನಿಂತು ತೂಗಿಕೊಳ್ಳುವ ಪದ್ಧತಿ ಹುಟ್ಟಿತು. ಮಾವ ಎಂಬತ್ತಮೂರು. ಬೀಗದಣ್ಣನನ್ನು ಮೊದಲ ದಿನ ಕೋಟು ಬಿಚ್ಚಿಸಿ, ಕೋಟನ್ನು ಬೇರೆ ತೂಗಿ, “ಕೋಟು: ಖಾಲಿ ತೂಕ ನಾಲ್ಕು ಕಿಲೋ ಇನ್ನೂರು” ಎಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಕಳೆದು ಉಳಿದದ್ದು ಎಪ್ಪತ್ತೆಂಟು. ಆಮೇಲೆ ಒಂಬತ್ತು ವರ್ಷ ಕೋಟಿನ ಸಮೇತ ನಿಲ್ಲಿಸಿ, ನಾಲ್ಕು ಇನ್ನೂರು ಕಳೆದರು. ಖಾಯಂ ಗಿರಾಕಿಯಲ್ಲವೇ!

“ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ,” ಎನ್ನುತ್ತಿದ್ದರು ಅತ್ತೆ. “ದೋಣಿ ಸಿಗೋವರೆಗೂ ಹೊಳೆಗೆ ಇಳಿಯಲ್ಲ, ಹೊಳೆಗೆ ಇಳಿಯೋವರೆಗೂ ದೋಣಿ ಯಾವ್ದು ಅಂತ ತಿಳಿಯಲ್ಲ. ನನ್ನನ್ನ ನೋಡೋಕೆ ಬಂದಾಗ ಅರ್ಧ ಗಂಟೇಲಿ ಒಪ್ಕೊಂಡ್ರಲ್ಲ, ಆಗ ಈ ಪುಸ್ತಕ ಎಲ್ಲಿತ್ತು?”

“ಆಗ ಅನುಭವ ಇರ್ಲಿಲ್ಲ,” ಎಂದರು ಮಾವ. ಆ ರಾತ್ರಿ ಅವರ ಸಾರಿಗೆ ಉಪ್ಪಿರಲಿಲ್ಲ.

ಹೀಗೆ ನಗುತ್ತಲೇ ಇರಬಹುದಿತ್ತು. ಹೋದ ವರ್ಷ ಚಳಿಗಾಲದ ಕೊನೆಗೆ ಒಂದು ಬೆಳಿಗ್ಗೆ ನನ್ನ ಕಿಟಕಿಯ ಸಾಲಿನಲ್ಲಿ ಬೀಗದಣ್ಣ ನಿಂತಿದ್ದ. ನಾನು ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ, ಕಡತ ನೋಡಿಕೊಳ್ಳುವವನು. ಯಾರದೋ ಕಪಾಟಿನ ಬೀಗ ಕೆಟ್ಟಿರಬೇಕು ಎಂದುಕೊಂಡೆ. ಅವನು ಕಿಟಕಿಯ ಕಂಡಿಯಿಂದ ಒಂದು ಕಡತ ತಳ್ಳಿದ. ಅದರ ಮೇಲೆ ಅವನದೇ ಹೆಸರು. ನನ್ನ ಕೆಲಸದಲ್ಲಿ ಕಡತದ ಬಣ್ಣ ನೋಡಿದರೇ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಅವನೇ ಹೇಳಿದ.

“ಹೊಟ್ಟೇಲಿ ಗಡ್ಡೆ. ಡಾಕ್ಟರು ಈ ವರ್ಷ ಅಷ್ಟೆ ಅಂದ್ರು. ವರ್ಷ ಅಂದ್ರೆ ಹನ್ನೆರಡು ತಿಂಗಳಾ ಅಂತ ಕೇಳ್ದೆ. ಕನ್ನಡಕ ಒರೆಸ್ಕೊಂಡ್ರು.”

“ಮಾವನಿಗೆ…”

“ಅವ್ನಿಗೆ ಹೇಳಿದ್ಯೋ, ಹೊಳೆ ಮುಗೀತು. ನನ್ನನ್ನ ಮಂಚದ ಮೇಲೆ ಮಲಗಿಸಿ ದಿನಾ ತೂಗ್ತಾನೆ.” ಅವನು ಕಂಡಿಯೊಳಗೆ ಇನ್ನಷ್ಟು ಬಗ್ಗಿದ. “ನಂಗೆ ಬೇರೇನೂ ಬೇಡ ಕಣೋ. ಆ ಆರು ದಿನ ಬೇಕು. ಈ ಬೇಸಿಗೆ ನೀರು ಬಿಡ್ತಾರಲ್ಲ, ಆಗ. ನೀನು ಹೇಗಾದ್ರೂ ಆ ತಕ್ಕಡಿ ಕೈಲಿ ಒಂದು ದೋಣಿ ತಗೊಳ್ಳೋ ಹಾಗೆ ಮಾಡು. ಕಾಗದದ್ದಾದ್ರೂ ಸರಿ.”

ನಮ್ಮ ಹೊಳೆಯಲ್ಲಿ ಬೇಸಿಗೆಗೆ ಎರಡು ತಿಂಗಳು ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಗೇಟು ಹಾಕಿದರೆ ಗಿರಣಿಯ ಕೆಳಗೆಲ್ಲ ಬರೀ ಬಂಡೆಯ ಬೆನ್ನು. ಅಂದರೆ ಲೆಕ್ಕ ಸರಳ. ಒಂಬತ್ತು ವರ್ಷದಲ್ಲಿ ಆಗದ್ದು ನಾಲ್ಕು ತಿಂಗಳಲ್ಲಿ ಆಗಬೇಕು, ಇಲ್ಲದಿದ್ದರೆ ಆಗುವುದಿಲ್ಲ. ನಾನು ಒಪ್ಪಿಕೊಂಡೆ. ಅದು ಸರಿಯೇ ಎಂದು ಈಗಲೂ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಅನ್ನಿಸುವುದಿಲ್ಲ.

ಮೊದಲ ತೊಡಕು ಶನಿವಾರದ ಹಲಗೆ. ಆ ತಿಂಗಳಿಗೇ ಬೀಗದಣ್ಣ ಆರು ಕಿಲೋ ಇಳಿದಿದ್ದ. ಅದಕ್ಕೂ ಅವನು ದಾರಿ ಕಂಡುಕೊಂಡಿದ್ದ. ಕೋಟಿನ ಒಳಮಗ್ಗುಲಿಗೆ ತಾನೇ ಜೇಬು ಹೊಲಿದು, ಅಂಗಡಿಯಲ್ಲಿ ಕೀಲಿ ಕಳೆದು ಬಿದ್ದಿದ್ದ ಹಳೆಯ ಗೋದಾಮು ಬೀಗಗಳನ್ನು ತುಂಬಿಸಿಕೊಂಡ. ಒಂದೊಂದೂ ಮುಷ್ಟಿ ಗಾತ್ರ. ತಿಂಗಳು ಹೋದಂತೆ ಬೀಗ ಹೆಚ್ಚಿದವು. ಹೊತ್ತು ನಡೆಯುವ ಶಕ್ತಿ ಅವನಿಗಿರಲಿಲ್ಲ. ಆದ್ದರಿಂದ ಹಿಂದಿನ ದಿನವೇ ಆಸ್ಪತ್ರೆಯ ಯಂತ್ರದಲ್ಲಿ ಅವನನ್ನು ತೂಗಿ, ಕಡಿಮೆಯಾದಷ್ಟು ತೂಕದ ಬೀಗಗಳನ್ನು ನಾನು ಚೀಲದಲ್ಲಿ ಹೊತ್ತು ತಂದು, ಪಾರ್ಸೆಲ್ ಆಫೀಸಿನ ಹಿಂಬದಿಯ ಗೋಡೆ ಮರೆಯಲ್ಲಿ ಅವನನ್ನು ನಿಲ್ಲಿಸಿ, ಜೇಬಿಗೆ ಒಂದೊಂದಾಗಿ ಇಳಿಸುತ್ತಿದ್ದೆ. ಮದುಮಗನಿಗೆ ಒಡವೆ ಹಾಕಿದಂತೆ.

“ಎಡಕ್ಕೆ ಇನ್ನೊಂದು ಹಾಕು. ವಾಲ್ತಿದೀನಿ.”

“ನಗಿಸ್ಬೇಡ, ಕೈ ಜಾರುತ್ತೆ.”

“ನೀನು ನಗು. ನಾನು ನಕ್ರೆ ಟಣ್ ಅನ್ನುತ್ತೆ.”

ಒಳಗೆ ಮಾವ ಹಿತ್ತಾಳೆಯ ತೋಳಿಗೆ ಎರಡು ಸಲ ಬೆರಳು ತಟ್ಟಿ, ಉಸಿರು ಬಿಗಿಹಿಡಿದು ನೋಡಿ, “ಎಂಬತ್ತೆರಡು ಇನ್ನೂರು. ಕಳೆ ನಾಲ್ಕು ಇನ್ನೂರು. ಎಪ್ಪತ್ತೆಂಟು!” ಎಂದು ಘೋಷಿಸುತ್ತಿದ್ದರು. “ನೋಡು, ಒಂಬತ್ತು ವರ್ಷದಲ್ಲಿ ಒಂದು ಗ್ರಾಂ ಆಚೀಚೆ ಇಲ್ಲ. ಮನುಷ್ಯ ಅಂದ್ರೆ ಇವನು.”

“ಮುಖ ಯಾಕೋ ಸಣ್ಣಗಾಗಿದೆ,” ಎಂದರು ಅತ್ತೆ ಒಮ್ಮೆ, ಆಫೀಸಿನ ಬಾಗಿಲಲ್ಲಿ ನಿಂತು.

“ಕಣ್ಣು ಮೋಸ ಮಾಡುತ್ತೆ ಕಣೇ. ಯಂತ್ರ ಮಾಡಲ್ಲ.”

ಅತ್ತೆ ಬೀಗದಣ್ಣನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ದಿನದಿಂದ ಸಂಜೆಯ ಊಟದ ಡಬ್ಬಿ ಎದುರು ಗಲ್ಲಿಗೆ ಹೋಗತೊಡಗಿತು.

ನಾನು ಮಾವನನ್ನು ಕಾಡಿದೆ, ಬೀಗದಣ್ಣ ಜಗಳವಾಡಿದ. ನೀರು ಬಿಡುವುದಕ್ಕೆ ಮೂರು ವಾರ ಇದೆ ಎನ್ನುವಾಗ, “ನೀನು ಈ ವರ್ಷ ದೋಣಿ ತಗೊಳ್ಳದಿದ್ರೆ ನಾನು ಬಾಗಿಲು ಕಿತ್ತು ಅದರ ಮೇಲೆ ಹೋಗ್ತೀನಿ” ಎಂದು ಅವನು ಹೇಳಿದಾಗ ಮಾವನಿಗೆ ಅದೇನನ್ನಿಸಿತೋ, ನೋಟುಬುಕ್ಕು ಮುಚ್ಚಿ, “ನಡಿ” ಎಂದರು.

ದೋಣಿಯಂಗಡಿಯ ಹೆಂಗಸು ಐವತ್ತರ ಆಸುಪಾಸಿನವಳು; ಒಂದು ಕಾಲದಲ್ಲಿ ಅದೇ ಹೊಳೆಯಲ್ಲಿ ಜನರನ್ನು ಕರೆದೊಯ್ಯುತ್ತಿದ್ದವಳು. ಒಂಬತ್ತು ವರ್ಷದಿಂದ ಮಾವನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು, ಅವರು ಬಾಗಿಲಲ್ಲಿ ಕಂಡರೆ ಎದ್ದು ಟೀಗೆ ನೀರಿಡುವ ಅಭ್ಯಾಸ ಮಾಡಿಕೊಂಡಿದ್ದಳು. ಈ ಸಲ ಮಾವ “ತಗೊಳ್ಳೋಕೆ ಬಂದಿದೀನಿ” ಎಂದಾಗ ಪಾತ್ರೆ ಅವಳ ಕೈಯಲ್ಲೇ ಉಳಿಯಿತು.

ಒಳಗಿನ ಶೆಡ್ಡಿನಲ್ಲಿ ಎರಡು ದೋಣಿ ಅಟ್ಟಣೆಯ ಮೇಲಿದ್ದವು. ಒಂದು ನಾಲ್ಕೂವರೆ ಮೀಟರಿನ ಹಸಿರು, ಇಪ್ಪತ್ತಾರು ಕಿಲೋ. ಇನ್ನೊಂದು ಐದು ಮೀಟರಿನ ಕೆಂಪು, ದಪ್ಪ ಪ್ಲಾಸ್ಟಿಕ್ಕಿನದು, ಮೂವತ್ತೆಂಟು ಕಿಲೋ. ಅವಳು ಬೀಗದಣ್ಣನ ಕಡೆ ನೋಡಿದಳು. ಅವನು ಒಂದು ಸ್ಟೂಲು ಹುಡುಕಿ ಕೂತಿದ್ದ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಬಾವಿಗೆ ಇಳಿಬಿಟ್ಟ ಹಗ್ಗದಂತಿತ್ತು.

“ಹಸಿರು ತಗೊಳ್ಳಿ,” ಎಂದಳು. “ಬೇಗ ತಿರುಗುತ್ತೆ. ಜಲಪಾತದ ಹತ್ರ ಹೊತ್ಕೊಂಡು ಹೋಗೋದು ಸುಲಭ. ನಿಮ್ಮಿಬ್ಬರಿಗೆ ಅದೇ ಸರಿ.”

“ಅದೇ, ಅದೇ,” ಎಂದ ಬೀಗದಣ್ಣ.

“ಅಂಕಿ ನೋಡಮ್ಮ.” ಮಾವ ನೋಟುಬುಕ್ಕು ಬಿಚ್ಚಿದರು. “ಎಂಬತ್ತಮೂರು, ಎಪ್ಪತ್ತೆಂಟು. ಸಾಮಾನು ಅರವತ್ತು. ಒಟ್ಟು ಇನ್ನೂರಾ ಇಪ್ಪತ್ತೊಂದು. ಈ ಹಸಿರಿಗೆ ಕಂಪನಿಯವರು ಹೇಳಿರೋ ಭಾರ ಇನ್ನೂರು. ಇಪ್ಪತ್ತೊಂದು ಕಿಲೋ ಎಲ್ಲಿಡ್ಲಿ, ತಲೆ ಮೇಲಾ?”

“ಎಪ್ಪತ್ತೆಂಟು ಅಂದ್ರೆ ಯಾರು?”

“ಇವನು.”

ಅವಳು ಇನ್ನೊಮ್ಮೆ ನೋಡಿದಳು. “ಯಾವಾಗ ತೂಗಿದ್ರಿ?”

“ಹೋದ ಶನಿವಾರ. ಸರ್ಕಾರಿ ಮುದ್ರೆ ಹಾಕಿದ ಯಂತ್ರದಲ್ಲಿ,” ಎಂದರು ಮಾವ. ಮದುವೆಯ ದಿನವೂ ಅವರು ಎದೆಯನ್ನು ಅಷ್ಟು ಮುಂದೆ ತಂದಿದ್ದರು ಎಂದು ನನಗನ್ನಿಸುವುದಿಲ್ಲ.

ಹಸಿರು ದೋಣಿ ಬೇಕು ಎನ್ನಲು ಬೀಗದಣ್ಣನಿಗಿದ್ದದ್ದು ಒಂದೇ ಕಾರಣ. ಆ ಕಾರಣ ಹೇಳಿದರೆ ದೋಣಿಯೇ ಬೇಡವಾಗುತ್ತಿತ್ತು. ಕೆಂಪು ದೋಣಿ ನಿಶ್ಚಯವಾಯಿತು. ಮುಂದಿನ ಸೀಟು ಎಷ್ಟು ಮುಂದಿರಬೇಕು ಎಂಬುದನ್ನು ಎಪ್ಪತ್ತೆಂಟು ಕಿಲೋಗೆ ಲೆಕ್ಕ ಹಾಕಿ, ದೋಣಿಯ ಎರಡು ಅಂಚುಪಟ್ಟಿಗಳಲ್ಲಿ ಮಾವ ಗುರುತು ಮಾಡಿದರು, ಅವಳು ತೂತು ಕೊರೆದಳು. ದೋಣಿ ನೀರಿನಲ್ಲಿ ಎಷ್ಟು ಮುಳುಗಬೇಕು ಎಂಬುದಕ್ಕೆ ಎರಡು ತುದಿಗೂ ಬಿಳಿಯ ಟೇಪು ಅಂಟಿಸಿದರು. ನೀರು ಆ ಗೆರೆ ಮುಟ್ಟಿದರೆ ಸರಿ.

ಹೊರಡುವ ದಿನ ಬೆಳಿಗ್ಗೆ ಪಾರ್ಸೆಲ್ ಆಫೀಸಿನಲ್ಲಿ ಕೊನೆಯ ತೂಕ. ಡೇರೆ, ಡಬ್ಬಿಗಳು, ಹೊದಿಕೆ, ಕೊನೆಗೆ ಮನುಷ್ಯರು. ಎಪ್ಪತ್ತೆಂಟು! ಅಲ್ಲಿಂದ ನೇರ ಸೇತುವೆಯ ಕೆಳಗಿನ ಕಟ್ಟೆಗೆ. ನೀರು ಬಿಟ್ಟು ನಾಲ್ಕು ದಿನವಾಗಿತ್ತು. ಹೊಳೆ ಕಂದು ಬಣ್ಣಕ್ಕೆ ತಿರುಗಿ ದಡ ತುಂಬಿ ಓಡುತ್ತಿತ್ತು. ದೋಣಿಯಂಗಡಿಯವಳು ನೀರಿನಲ್ಲಿ ಮುಳುಗದಂತೆ ತೊಡುವ ತೇಲಂಗಿಗಳನ್ನು ಹಿಡಿದು ನಿಂತಿದ್ದಳು. ಬೀಗದಣ್ಣ ಕೋಟು ಹಾಕಿಕೊಂಡೇ ದೋಣಿಗೆ ಇಳಿಯಹೋದ. ಅವನ ಯೋಚನೆ ನನಗೆ ಆಗ ಹೊಳೆಯಿತು: ಆರು ದಿನವೂ ಆ ಕೋಟಿನಲ್ಲೇ ಕೂತು, ತೂಕ ಸರಿತೂಗಿಸುವುದು. ಕೆಳಗೆ ನೊರೆನೀರು, ಮೈಮೇಲೆ ಗೋದಾಮು ಬೀಗಗಳು.

“ಕೋಟು ಬಿಚ್ಚು,” ಎಂದೆ.

“ಚಳಿ ಕಣೋ.”

“ಬಿಚ್ಚು ಅಂದೆ.” ನನ್ನ ದನಿ ನನಗೇ ಗುರುತಾಗಲಿಲ್ಲ. ಅವನು ನನ್ನನ್ನು ಒಂದು ಗಳಿಗೆ ನೋಡಿ, ತೋಳು ಎತ್ತಿದ. ಮಗುವಿಗೆ ಬಿಚ್ಚಿದಂತೆ ಬಿಚ್ಚಿ, ಸದ್ದಾಗದಂತೆ ಕಟ್ಟೆಯ ಮೇಲಿಟ್ಟೆ.

ಅವನು ಮುಂದೆ ಕೂತ. ಮಾವ ಹಿಂದೆ ಕೂತರು. ದೋಣಿಯ ಮುಂದಿನ ಮೂತಿ ನಾಯಿ ಗಾಳಿ ಮೂಸುವಂತೆ ಮೇಲೆದ್ದಿತು. ಬಿಳಿಯ ಗೆರೆ ನೀರಿಗಿಂತ ಮೂರು ಬೆರಳು ಮೇಲೆ.

“ಸೀಟು ತಪ್ಪಾಗಿ ಕೊರ್ದಿದೀಯಮ್ಮ,” ಎಂದರು ಮಾವ.

“ನಿಮ್ಮ ಗುರುತಿಗೇ ಕೊರ್ದಿರೋದು.”

ಮಾವ ಬಗ್ಗಿ ಗೆರೆ ನೋಡಿದರು. ಡಬ್ಬಿಗಳನ್ನು ನೋಡಿದರು. ತೇಲಂಗಿಯೊಳಗೆ ಕೂತ ಗೆಳೆಯನ ಬೆನ್ನನ್ನು ನೋಡಿದರು. ಕೋಟಿಲ್ಲದ ಆ ಬೆನ್ನನ್ನು ಅವರು ಒಂಬತ್ತು ವರ್ಷದಿಂದ ನೋಡಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ದಡಕ್ಕೆ ಹತ್ತಿ, ನೇರ ಕೋಟಿನ ಬಳಿ ಬಂದು, ಎರಡು ಕೈಯಲ್ಲಿ ಎತ್ತಿ ಕಣ್ಣು ಮುಚ್ಚಿದರು.

“ಇಪ್ಪತ್ತೊಂದು,” ಎಂದರು. ಸ್ವಲ್ಪ ತಡೆದು, “ಇನ್ನೂರು.”

ಕೋಟಿನೊಳಗೆ ಒಂದು ಬೀಗ ಜಾರಿ ಇನ್ನೊಂದಕ್ಕೆ ತಾಗಿತು.

“ಹಾಗಾದ್ರೆ ನೀನು ಅರವತ್ತೊಂದು.”

“ನಿನ್ನೆ ಅಷ್ಟಿದ್ದೆ,” ಎಂದ ಬೀಗದಣ್ಣ, ಹಿಂತಿರುಗದೆ.

“ಎಷ್ಟು ದಿನದಿಂದ?”

“ಚಳಿಗಾಲದಿಂದ.”

ದೋಣಿಯಂಗಡಿಯವಳು ನೀರಿಗೆ ಇಳಿದು ಬಂದಳು. ಅವಳ ಮಾತು ಮೆತ್ತಗಿತ್ತು. “ಸ್ವಾಮಿ, ಏನೂ ಆಗಿಲ್ಲ. ಆ ಎರಡು ಡಬ್ಬಿ ಮುಂದಕ್ಕೆ ಸರಿಸಿ, ದೋಣಿ ಮಟ್ಟಸ ಕೂರುತ್ತೆ. ಎಲ್ಲರೂ ಹಾಗೇ ಮಾಡೋದು. ಹೋಗಿಬನ್ನಿ.”

“ಸರಿಸೋ ತಕ್ಕಡಿ,” ಎಂದ ಬೀಗದಣ್ಣ. “ಡಬ್ಬಿ ಸರಿಸು, ಹತ್ತು. ಹೊಳೆ ಕಾಯಲ್ಲ.”

ಅಷ್ಟೇ ಸಾಕಿತ್ತು. ಎರಡು ಡಬ್ಬಿ, ಒಂದು ಮೊಳ ಮುಂದೆ. ನಾನು ಸರಿಸಲು ಕೈ ಹಾಕಿಯೂ ಆಗಿತ್ತು.

“ಬೇಡ,” ಎಂದರು ಮಾವ. “ಹದಿನೇಳು ಕಿಲೋ ಮನುಷ್ಯ ಎಲ್ಲಿ ಹೋದ ಅಂತ ತಿಳಿಯದೆ ನಾನು ದೋಣಿ ಬಿಡಲ್ಲ.” ಅವರ ಕೈಯಲ್ಲಿ ಕೋಟು ಹಾಗೇ ಇತ್ತು. “ಸೀಟು ಬದಲಾಯಿಸ್ಬೇಕು. ಅರವತ್ತೊಂದಕ್ಕೆ ಲೆಕ್ಕ ಹಾಕ್ಬೇಕು. ಒಂದು ವಾರ. ಒಂದೇ ವಾರ.”

ಆ ಸಂಜೆ ಅವರಿಗೆ ಎಲ್ಲವನ್ನೂ ಹೇಳಿದೆ. ಅಡುಗೆಮನೆಯ ಮೇಜಿನ ಮೇಲೆ ನೋಟುಬುಕ್ಕು ತೆರೆದಿತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. “ಚಳಿಗಾಲದಲ್ಲೇ ಹೇಳಿದ್ರೆ ಹಸಿರು ತಗೋತಿದ್ದೆ. ಇನ್ನೂರಾ ನಾಲ್ಕು. ನಾಲ್ಕು ಕಿಲೋ ಸಾಮಾನು ಬಿಟ್ರೆ ಸರಿಹೋಗ್ತಿತ್ತು,” ಎಂದರು.

“ತಗೋತಿದ್ರಿ!” ಎಂದರು ಅತ್ತೆ, ಒಲೆಯ ಕಡೆ ಮುಖ ಮಾಡಿ. “ಯಾವ ನಾಲ್ಕು ಕಿಲೋ ಬಿಡೋದು ಅಂತ ಇನ್ನೊಂಬತ್ತು ವರ್ಷ ಕೂತಿರ್ತಿದ್ರಿ.” ಹೇಳಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಬ್ಬರ ಮಾತೂ ನಿಜವೇ ಇರಬಹುದು.

ಒಂದು ವಾರದ ಮೇಲೆ ಸೀಟು ಅರವತ್ತೊಂದಕ್ಕೆ ಸಿದ್ಧವಾಯಿತು. ಶನಿವಾರ ಕೋಟಿಲ್ಲದೆ ತೂಗಿದರೆ ಐವತ್ತೊಂಬತ್ತೂವರೆ. ಮಾವ ಹೊಸ ಗುರುತು ಹಾಕಿದರು. ಮುಂದಿನ ಶನಿವಾರ ಐವತ್ತೆಂಟು. ತಳದಲ್ಲಿ ಮಂಡಿಯೂರಲು ಒಂದು ಮೆತ್ತೆ, ಒರಗಲು ಒಂದು ಪಟ್ಟಿ, ಅವುಗಳ ತೂಕ ಬೇರೆ. ಪ್ರತಿ ವಾರ ಸೀಟು ಒಂದೆರಡು ಬೆರಳು ಮುಂದೆ ಹೋಗುತ್ತಿತ್ತು, ಹಿಂದೆ ತೂತುಗಳ ಸಾಲು ಉಳಿಯುತ್ತಿತ್ತು.

“ಇದು ದೋಣಿಯೋ ಜರಡಿಯೋ?” ಎಂದಳು ದೋಣಿಯಂಗಡಿಯವಳು ಐದನೇ ಸಲ. “ನೀವು ದೋಣಿ ಸರಿಮಾಡ್ತಿಲ್ಲ ಸ್ವಾಮಿ.”

“ಮತ್ತೇನ್ ಮಾಡ್ತಿದೀನಿ?”

ಅವಳು ಕೊರೆಯುವ ಯಂತ್ರ ಎತ್ತಿಕೊಂಡಳು.

ಬೀಗದಣ್ಣ ಜಗಳ ನಿಲ್ಲಿಸಿದ್ದ. ಒಮ್ಮೆ ಮಾತ್ರ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆ ಕಳಿಸಿದ ಗಂಜಿ ಬಿಚ್ಚುತ್ತಿದ್ದಾಗ ನನಗೆ ಹೇಳಿದ: “ಅವನು ಹೊರಡಲ್ಲ ಕಣೋ. ಹೊರಟ್ರೆ ಆರು ದಿನಕ್ಕೆ ಮುಗ್ದುಹೋಗುತ್ತಲ್ಲ.”

ಏಳನೇ ವಾರ ಪತ್ರಿಕೆಯಲ್ಲಿ ಬಂತು: ನಾಳೆಯಿಂದ ಗೇಟು ಹಾಕುತ್ತಾರೆ. ಮಾವ ಪತ್ರಿಕೆಯನ್ನು ಮಡಚಿಟ್ಟು ಆಫೀಸಿಗೆ ರಜೆ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಅದು ಎಷ್ಟನೆಯದೋ, ಎರಡನೆಯದಿರಬೇಕು. ನಾನೂ ಅವರೂ ಮೂವತ್ತೆಂಟು ಕಿಲೋದ ಆ ಕೆಂಪು ದೋಣಿಯನ್ನು ಹೆಗಲ ಮೇಲೆ ಹೊತ್ತು ಕಟ್ಟೆಗೆ ಇಳಿಸಿದೆವು. ಬೀಗದಣ್ಣನನ್ನು ಅತ್ತೆ ಕೈಹಿಡಿದು ಕರೆತಂದರು. ಡೇರೆಯಿಲ್ಲ, ಡಬ್ಬಿಯಿಲ್ಲ. ಆರು ದಿನದ ಮಾತನ್ನು ಯಾರೂ ಎತ್ತಲಿಲ್ಲ. ಸೇತುವೆಯಿಂದ ಗಿರಣಿಯವರೆಗೆ, ಅರ್ಧ ಗಂಟೆ.

ಅವನು ಮುಂದಿನ ಸೀಟಿನಲ್ಲಿ, ಏಳನೆಯ ತೂತಿನಲ್ಲಿ ಕೂತ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ನಾನು ನಡುವೆ, ಅವನು ವಾಲಿದರೆ ಹಿಡಿಯಲು. ನನ್ನ ತೂಕವನ್ನೂ ಮಾವ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮಾವ ಹತ್ತಿ ಕೂತದ್ದೇ ಎಲ್ಲರೂ ಬಗ್ಗಿ ನೋಡಿದೆವು. ಎರಡು ತುದಿಯಲ್ಲೂ ನೀರು ಬಿಳಿಯ ಗೆರೆಯಿಂದ ಒಂದೇ ಅಳತೆಯಲ್ಲಿತ್ತು. ಕೂದಲೆಳೆ ಆಚೀಚೆಯಿಲ್ಲ.

“ಈಗ ಸರಿಯಾಗಿದೆ ನೋಡೋ,” ಎಂದ ಬೀಗದಣ್ಣ. “ಇನ್ನು ನಾನು ಇಳೀಬಾರದು ಅಷ್ಟೆ.”

ಗಿರಣಿಯ ಮುಂದೆ ಒಂದೇ ಒಂದು ಚಿಕ್ಕ ಇಳಿಜಾರು ಉಂಟು, ಮಕ್ಕಳೂ ದಾಟುವಂಥದ್ದು. ದೋಣಿ ಒಮ್ಮೆ ತಲೆಬಾಗಿ ಎದ್ದಿತು, ಅವನ ಮುಖಕ್ಕೆ ಒಂದು ಬೊಗಸೆ ನೀರು ಹೊಡೆಯಿತು. ಅವನು ಒರೆಸಿಕೊಳ್ಳಲಿಲ್ಲ. ಗಿರಣಿಯ ಕಟ್ಟೆಯಲ್ಲಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕೆಳಗಿನ ತಿರುವಿನ ಕಡೆ, ಬಂಡೆಸಾಲಿನ ಸದ್ದು ಬರುವ ಕಡೆ ನೋಡುತ್ತ ಕೂತಿದ್ದ. ಮಾವ ಹಿಂದಿನಿಂದ “ಇಳಿ” ಎನ್ನಲಿಲ್ಲ. ಹುಟ್ಟನ್ನು ನೀರಿನಲ್ಲಿಟ್ಟು ದೋಣಿ ಜಾರದಂತೆ ಹಿಡಿದಿದ್ದರು, ಅಷ್ಟೆ.

ಬೀಗದಣ್ಣ ಆಮೇಲೆ ಹತ್ತು ವಾರ ಇದ್ದ. ಚಟ್ಟ ಹೊತ್ತವರು ನಾಲ್ವರು, ಎಡಗಡೆಯ ಮುಂದಿನ ಮೂಲೆ ಮಾವನದು. ಎತ್ತಿದ ಗಳಿಗೆಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು, ತುಟಿ ಅಲುಗಿದ್ದನ್ನು ನಾನು ನೋಡಿದೆ. “ಎಷ್ಟು ಅಂತ ಕೇಳ್ಬೇಡ,” ಎಂದರು ಅತ್ತೆ, ನನ್ನ ತೋಳು ಒತ್ತಿ.

ದೋಣಿ ಮಾವನ ಮನೆಯ ಪಡಸಾಲೆಯಲ್ಲಿ ಎರಡು ಹಗ್ಗದಲ್ಲಿ ಬೋರಲು ನೇತಾಡುತ್ತಿದೆ. ಉದ್ದ ಹೆಚ್ಚಾದ್ದರಿಂದ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಎಲ್ಲರೂ ಓರೆಯಾಗಿ ಒಳಗೆ ಬರಬೇಕು. ಈ ಬೇಸಿಗೆಯಲ್ಲಿ ನೀರು ಬಿಟ್ಟ ದಿನ, ಡಬ್ಬಿ ಸರಿಸಿಕೊಂಡು ನಾನೂ ನೀವೂ ಹೋಗಿಬರೋಣವೇ ಎಂದು ಕೇಳಿದೆ. ಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಿನ್ನ ತೂಕಕ್ಕೆ ತೂತಿಲ್ಲ” ಎಂದರು.

ಮೊನ್ನೆ ಒಂದು ಪಾರ್ಸೆಲ್ ಕಳಿಸಲು ಅವರ ಕಿಟಕಿಗೆ ಹೋಗಿದ್ದೆ. ನನ್ನ ಮುಂದೆ ಗಾಜಿನ ಅಂಗಡಿಯವರು ಕೆಂಪಗಾಗಿ ನಿಂತಿದ್ದರು. ಅವರ ಪೆಟ್ಟಿಗೆಯ ಸಾಮಾನನ್ನೆಲ್ಲ ಹುಲ್ಲಿನ ಸಮೇತ ನೆಲದ ಮೇಲೆ ತೆಗೆದಿಡಲಾಗಿತ್ತು. ಬರಿದಾದ ಪೆಟ್ಟಿಗೆ ಹಲಗೆಯ ಮೇಲಿತ್ತು.

“ಹತ್ತೊಂಬತ್ತು ವರ್ಷದ ಗಿರಾಕಿ ನಾನು,” ಎನ್ನುತ್ತಿದ್ದರು ಅವರು. “ಬೆನ್ನ ಮೇಲೆ ಬರೆದಿದೆ, ಕಾಣಲ್ವಾ? ನನ್ನನ್ನ ಏನಂತ ತಿಳ್ಕೊಂಡಿದೀರಿ?”

ಮಾವ ಹಿತ್ತಾಳೆಯ ತೋಳಿಗೆ ಎರಡು ಸಲ ಬೆರಳು ತಟ್ಟಿ, ಉಸಿರು ಬಿಗಿಹಿಡಿದು ನೋಡಿದರು. ಬರೆದಿದ್ದಷ್ಟೇ ಇತ್ತು. ಪೆಟ್ಟಿಗೆಯನ್ನು ಇಳಿಸಿ, ಮಂಡಿಯೂರಿ, ಹುಲ್ಲು ಹಾಸಿ, ಗಾಜುಗಳನ್ನು ಒಂದೊಂದಾಗಿ ತಾವೇ ಒಳಗಿಡತೊಡಗಿದರು. ಸಾಲಿನಲ್ಲಿ ನನ್ನ ಹಿಂದೆ ಇನ್ನೂ ಆರು ಪೆಟ್ಟಿಗೆಗಳಿದ್ದವು.